ಲೇಸರ್‌ಗೆ ಮೊದಲು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಕನ್ನಡಕ ಬಿಡೋಕೆ ಕಣ್ಣಿಗೆ ಲೇಸರ್ ಆಪರೇಷನ್ ಮಾಡಿಸ್ಕೊಳ್ತೀನಿ ಅಂತ ನೀನು ಫೋನಲ್ಲಿ ಹೇಳಿದಾಗ ನಾನು ಬೇಡ ಅನ್ನಲಿಲ್ಲ. ಈಗಲೂ ಅನ್ನುವುದಿಲ್ಲ. ಕುದುರೆಮುಖದ ಜಡಿಮಳೆಯಲ್ಲಿ ನಿನ್ನ ಪಾಡು ಕಣ್ಣಾರೆ ನೋಡಿದ್ದೇನೆ. ಕನ್ನಡಕದ ಹೊರಗೆ ಮಳೆಹನಿ, ಒಳಗೆ ಉಸಿರಿನ ಆವಿ. ಒರೆಸೋಣ ಅಂದರೆ ಮೈಮೇಲೆ ಒಣಬಟ್ಟೆಯೇ ಇಲ್ಲ. ಕೊನೆಗೆ ನೀನು ಕನ್ನಡಕ ಜೇಬಿಗೆ ಹಾಕಿ, ಮುಂದಿನವರ ರೇನ್‌ಕೋಟಿನ ಬಣ್ಣ ನೋಡಿಕೊಂಡು ಇಳಿದೆ. ಮೈನಸ್ ಐದೂವರೆ ಪವರ್ ಇದ್ದವರಿಗೆ ಕಾಲ ಕೆಳಗಿನ ಜಾರುಗಲ್ಲೂ ಮಸುಕು. ಲೆನ್ಸ್ ಹಾಕಿಕೊಂಡರೆ ಹೊಳೆಗೆ ಇಳಿಯುವ ಹಾಗಿಲ್ಲ, ಟೆಂಟಲ್ಲಿ ಕೊಳೆ ಕೈಯಲ್ಲಿ ಮುಟ್ಟುವ ಹಾಗಿಲ್ಲ. ಲೇಸರ್ ಮಾಡಿಸೋದು ಚಂದ ಕಾಣೋಕೆ ಅಂತ ಅಜ್ಜಿ ಅಂದುಕೊಂಡಿದ್ದಾರೆ. ಅವರಿಗೆ ನಾನು ಹೇಳಿ ಒಪ್ಪಿಸುತ್ತೇನೆ.

ಆದರೆ ಯಾವ ಆಪರೇಷನ್ ಅನ್ನುವುದನ್ನು ಆಫರ್ ನೋಡಿ ತೀರ್ಮಾನಿಸಬೇಡ. ನಿನ್ನ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಹೇಗಿದೆ, ನಿನ್ನ ಓಡಾಟ ಎಂಥದ್ದು, ಇವೆರಡರ ಮೇಲೆ ಅದು ನಿಲ್ಲಬೇಕು.

ಕಾರ್ನಿಯಾದ ದಪ್ಪ ಸಾಮಾನ್ಯವಾಗಿ 540 ಮೈಕ್ರಾನ್ ಆಸುಪಾಸು, ಅಂದರೆ ಅರ್ಧ ಮಿಲಿಮೀಟರ್‌ಗಿಂತ ಚೂರು ಜಾಸ್ತಿ. ಒಂದು ಪವರ್ ಇಳಿಸಲು ಲೇಸರ್ ಸುಮಾರು 12ರಿಂದ 15 ಮೈಕ್ರಾನ್ ಸವೆಸುತ್ತದೆ. ಲೇಸಿಕ್ ಅನ್ನುವ ವಿಧಾನದಲ್ಲಿ ಅದಕ್ಕೂ ಮೊದಲು 100 ಮೈಕ್ರಾನ್ ಆಸುಪಾಸಿನ ಪದರ ಬಿಡಿಸಿ, ಪುಸ್ತಕದ ಹಾಳೆ ಮಗುಚಿದ ಹಾಗೆ ಪಕ್ಕಕ್ಕೆ ಸರಿಸುತ್ತಾರೆ. ಅಡಿಯಲ್ಲಿ ಕನಿಷ್ಠ 250 ಮೈಕ್ರಾನ್ ಉಳಿಯಲೇಬೇಕು. ಇನ್ನೂ ಜಾಸ್ತಿ ಉಳಿದರೆ ಒಳ್ಳೆಯದು. ದಪ್ಪದ ಜೊತೆಗೆ ಆಕಾರವನ್ನೂ ನೋಡಬೇಕು. ನೀನು ಚಿಕ್ಕಂದಿನಿಂದ ಅಲರ್ಜಿಗೆ ಕಣ್ಣು ಉಜ್ಜುತ್ತಲೇ ಬಂದವಳು. ಹಾಗೆ ಉಜ್ಜುವವರಲ್ಲಿ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ಕೆರಟೋಕೋನಸ್ ಜಾಸ್ತಿ. ಅದರ ಸುಳಿವಿದ್ದರೂ ಲೇಸಿಕ್ ಕೂಡದು. ಕಾರ್ನಿಯಾದ ಆಕಾರ ಅಳೆಯುವ ಟೋಪೋಗ್ರಫಿ ರಿಪೋರ್ಟ್ ನೋಡಿ ಡಾಕ್ಟರ್ ಬೇಡ ಅಂದರೆ, ಹೂಂ ಅನ್ನುವವರನ್ನು ಹುಡುಕಿಕೊಂಡು ಇನ್ನೊಂದು ಆಸ್ಪತ್ರೆಗೆ ಹೋಗಬೇಡ.

ರಾಮನಗರದಲ್ಲಿ ಬಂಡೆ ಹತ್ತುವ ವಿಷಯವನ್ನೂ ಡಾಕ್ಟರಿಗೆ ಬಾಯಿಬಿಟ್ಟು ಹೇಳು. ಲೇಸಿಕ್‌ನ ಪದರ ಮತ್ತೆ ಮೊದಲಿನಷ್ಟು ಗಟ್ಟಿಯಾಗಿ ಕೂಡುವುದಿಲ್ಲ. ಅಪರೂಪಕ್ಕಾದರೂ, ವರ್ಷಗಳ ನಂತರ ಬಿದ್ದ ಬಲವಾದ ಪೆಟ್ಟಿಗೆ ಅದು ಸರಿದದ್ದುಂಟು. ಪಿಆರ್‌ಕೆ ಅನ್ನುವ ಇನ್ನೊಂದು ವಿಧಾನದಲ್ಲಿ ಅಂಥ ಪದರವೇ ಇಲ್ಲ. ಮೇಲಿನ ತೆಳು ಚರ್ಮ ತೆಗೆದು ಲೇಸರ್ ಕೊಡುತ್ತಾರೆ. ಮೊದಲ ಕೆಲವು ದಿನ ಉರಿ, ನೋವು. ದೃಷ್ಟಿ ತಿಳಿಯಾಗಲು ವಾರಗಳೇ ಬೇಕು. ಸ್ಮೈಲ್ ಅನ್ನುವ ಮೂರನೆಯ ವಿಧಾನದಲ್ಲಿ ಸಣ್ಣ ಗಾಯ ಮಾಡಿ ಒಳಗಿಂದಲೇ ತೆಳು ತುಣುಕು ತೆಗೆಯುತ್ತಾರೆ. ನೋವು ತಡೆದುಕೊಳ್ಳುವ ಹುಡುಗಿ ನೀನು, ಪಿಆರ್‌ಕೆಯೇ ನಿನಗೆ ಹೊಂದುತ್ತೇನೋ ಅಂತ ನನಗನ್ನಿಸುತ್ತದೆ. ಆದರೆ ಆಮೇಲೆ ಕೆಲವು ತಿಂಗಳು ಬಿಸಿಲಿಗೆ ಒಳ್ಳೆ ಕೂಲಿಂಗ್ ಗ್ಲಾಸ್ ಇಲ್ಲದೆ ಹೊರಬೀಳುವ ಹಾಗಿಲ್ಲ. ಹಿಮದ ಮೇಲಿನ ಬಿಸಿಲಂತೂ ಇನ್ನೂ ಕೆಟ್ಟದ್ದು. ಹಾಗಾಗಿ ಈ ಸಲದ ಹಿಮಾಲಯದ ಕೇದಾರಕಂಠ ಚಾರಣ ಬಿಡು. ಬೆಟ್ಟ ಅಲ್ಲೇ ಇರುತ್ತೆ ಅಲ್ವಾ?

ಎತ್ತರದ ಬೆಟ್ಟಗಳಲ್ಲಿ ಆಪರೇಷನ್ ಆದ ಕಣ್ಣು ಕೈಕೊಡುತ್ತಾ ಅಂತ ನೀನು ಕೇಳಿದ್ದೆ. 1996ರ ಎವರೆಸ್ಟ್ ದುರಂತದಲ್ಲಿ ಅಮೆರಿಕದ ಪರ್ವತಾರೋಹಿ ಬೆಕ್ ವೆದರ್ಸ್‌ಗೆ ಹಾಗಾಗಿತ್ತು. ಆದರೆ ಅವರದ್ದು ಹಳೆಯ ರೇಡಿಯಲ್ ಕೆರಟೋಟಮಿ, ಬ್ಲೇಡಿನಿಂದ ಕಾರ್ನಿಯಾಕ್ಕೆ ಗೀರು ಹಾಕುವ ಪದ್ಧತಿ. ಆಮ್ಲಜನಕ ಕಡಿಮೆಯಾದರೆ ಅಂಥ ಕಣ್ಣಿನ ಪವರ್ ಏರುಪೇರಾಗುತ್ತದೆ. ಲೇಸಿಕ್ ಆದವರು ಎವರೆಸ್ಟ್ ಹತ್ತಿಳಿದಿದ್ದಾರೆ. ನಿನಗೆ ಜಾಸ್ತಿ ಕಾಡುವುದು ಒಣಗಣ್ಣು. ಗಾಳಿ, ಚಳಿಯಲ್ಲಿ ಉರಿಯುತ್ತದೆ, ಡ್ರಾಪ್ಸ್ ಜೊತೆಗಿರಲಿ. ರಾತ್ರಿ ಹೆಡ್‌ಲ್ಯಾಂಪಿನ ಸುತ್ತ ಬೆಳಕಿನ ಬಳೆ ಕಾಣಬಹುದು. ಬಹಳ ಜನಕ್ಕೆ ಕೆಲವು ತಿಂಗಳಲ್ಲಿ ಕಮ್ಮಿಯಾಗುತ್ತದೆ, ಕೆಲವರಿಗೆ ಉಳಿಯುತ್ತದೆ.

ಇನ್ನೊಂದು. ಲೇಸರ್ ಕಣ್ಣಿನ ಮುಂಭಾಗವನ್ನಷ್ಟೇ ತಿದ್ದುತ್ತದೆ. ಮೈನಸ್ ಪವರ್‌ನವರ ಉದ್ದನೆಯ ಕಣ್ಣುಗುಡ್ಡೆ ಹಾಗೇ ಇರುತ್ತದೆ, ಹಿಂದಿನ ರೆಟಿನಾ ತೆಳುವಾಗಿರುವುದೂ ಹಾಗೇ. ಕನ್ನಡಕ ಹೋಯ್ತು ಅಂತ ವರ್ಷಕ್ಕೊಮ್ಮೆ ರೆಟಿನಾ ತೋರಿಸುವುದನ್ನು ಬಿಡಬೇಡ. ಕಣ್ಣಲ್ಲಿ ಮಿಂಚು ಹೊಡೆದ ಹಾಗಾದರೆ, ಪರದೆ ಇಳಿದ ಹಾಗಾದರೆ, ಅವತ್ತೇ ಡಾಕ್ಟರ ಹತ್ತಿರ ಓಡು.

ಟೆಸ್ಟ್‌ಗೆ ಅಪ್ಪ, ನಾನು ಇಬ್ಬರೂ ಬರುತ್ತೇವೆ. ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕಿದ ಮೇಲೆ ನೀನೇ ಗಾಡಿ ಓಡಿಸೋದು ಬೇಡ. ಒಂದು ವರ್ಷದಿಂದ ಪವರ್ ಬದಲಾಗಿಲ್ಲ ಅನ್ನುವುದಕ್ಕೆ ಹಳೆ ಚೀಟಿ ಬೇಕು, ಹುಡುಕಿಡು. ಲೆನ್ಸ್ ಹಾಕುತ್ತಿದ್ದರೆ ಕಾರ್ನಿಯಾದ ಅಳತೆ ಸರಿ ಸಿಗುವುದಿಲ್ಲ, ಎರಡು ವಾರ ಮೊದಲೇ ನಿಲ್ಲಿಸಬೇಕು. ಇವತ್ತಿನಿಂದಲೇ ತೆಗೆದಿಡು.

ನಿನ್ನ
ಅಮ್ಮ