ಎರಡು ಗಂಟೆ ದೂರದಲ್ಲಿ ಬ್ಲೂಸ್ ಕಲಿಸುತ್ತಾರೆ, ಬರುತ್ತೀರಾ?

ಗೆಳೆಯರೇ,

ಈ ಸಂಚಿಕೆಯಲ್ಲಿ ಪಿಕ್ನಿಕ್ ವರದಿ ಇದೆ, ಮಕ್ಕಳ ಕನ್ನಡ ತರಗತಿಯ ವೇಳಾಪಟ್ಟಿ ಇದೆ, ಖಜಾಂಚಿಯವರ ಲೆಕ್ಕವೂ ಇದೆ. ಅದೆಲ್ಲ ಒಳಪುಟಗಳಲ್ಲಿ ಓದಿಕೊಳ್ಳಿ. ಸಂಪಾದಕೀಯದ ಜಾಗವನ್ನು ಮಾತ್ರ ಈ ಸಲ ಅಮೆರಿಕದ ಕಪ್ಪು ಜನ ಕಟ್ಟಿದ ಬ್ಲೂಸ್ ಸಂಗೀತಕ್ಕೆ ಕೊಟ್ಟಿದ್ದೇನೆ. ಕನ್ನಡ ಸಂಘದ ಪತ್ರಿಕೆಯಲ್ಲಿ ಇದೇನಪ್ಪ ಅನ್ನುವವರು ಕೊನೆಯವರೆಗೂ ಓದಿ ಆಮೇಲೆ ಬೈಯಿರಿ.

ಸಿಯಾಟಲ್ ಸುತ್ತಮುತ್ತ ಇರುವ ನಮಗೆ ಪೋರ್ಟ್ ಟೌನ್‌ಸೆಂಡ್ ಗೊತ್ತಿಲ್ಲದ ಊರೇನಲ್ಲ. ಎಡ್ಮಂಡ್ಸ್‌ನಲ್ಲಿ ಫೆರ್ರಿ ಹತ್ತಿ, ಕಿಂಗ್‌ಸ್ಟನ್‌ನಲ್ಲಿ ಇಳಿದು, ಹುಡ್ ಕೆನಾಲ್ ಸೇತುವೆ ದಾಟಿದರೆ ಆಯಿತು. ಊರಿಂದ ನೆಂಟರು ಬಂದಾಗ ಹಳೇ ಕಟ್ಟಡ, ಲೈಟ್‌ಹೌಸ್ ತೋರಿಸಿ, ಐಸ್‌ಕ್ರೀಮ್ ಕೊಡಿಸಿ ವಾಪಸ್ ಕರೆದುಕೊಂಡು ಬರುತ್ತೇವೆ. ಆ ಊರಿನ ಅಂಚಿನಲ್ಲಿ ಫೋರ್ಟ್ ವರ್ಡನ್ ಅಂತ ಒಂದು ಹಳೆಯ ಸೇನಾ ಕೋಟೆ ಇದೆ. ಸುಮಾರು 120 ವರ್ಷದ ಹಿಂದೆ, ಪ್ಯೂಜೆಟ್ ಸೌಂಡ್‌ನೊಳಗೆ ಶತ್ರು ಹಡಗು ನುಗ್ಗಬಾರದು ಅಂತ ದೊಡ್ಡ ದೊಡ್ಡ ಫಿರಂಗಿ ಇಟ್ಟು ಕಟ್ಟಿದ್ದು. ಶತ್ರುವೂ ಬರಲಿಲ್ಲ, ಯುದ್ಧ ಅಂತ ಆ ಫಿರಂಗಿಗಳು ಒಂದು ಗುಂಡೂ ಹಾರಿಸಲಿಲ್ಲ. ಈಗ ಅದು ಸ್ಟೇಟ್ ಪಾರ್ಕ್. ಅಲ್ಲಿ ಸೆಂಟ್ರಮ್ ಅನ್ನುವ ಸಂಸ್ಥೆ ಮೂವತ್ತು ವರ್ಷಕ್ಕೂ ಮೇಲಿಂದ ಬೇಸಿಗೆಯಲ್ಲಿ ಅಕೂಸ್ಟಿಕ್ (ಅಂದರೆ ಎಲೆಕ್ಟ್ರಿಕ್ ಅಲ್ಲದ ವಾದ್ಯಗಳ) ಬ್ಲೂಸ್ ಉತ್ಸವ ನಡೆಸಿಕೊಂಡು ಬಂದಿದೆ. ಸೈನಿಕರ ಬಲೂನು ಇಡುತ್ತಿದ್ದ ಹ್ಯಾಂಗರ್ ಈಗ ಸಂಗೀತ ಕಛೇರಿ ನಡೆಯುವ ಸಭಾಂಗಣ.

ಉತ್ಸವದ ಶನಿವಾರದ ದೊಡ್ಡ ಕಛೇರಿಗೆ ಟಿಕೆಟ್ ತಗೊಂಡು ಹೋಗಿ ಬರಬಹುದು, ತಪ್ಪೇನಿಲ್ಲ. ಆದರೆ ನನ್ನ ಪ್ರಕಾರ ಉತ್ಸವದ ಜೀವ ಇರುವುದು ಅದಕ್ಕೆ ಮೊದಲಿನ ವಾರದಲ್ಲಿ. ಆ ವಾರ ಪೂರ್ತಿ ಕಾರ್ಯಾಗಾರ. ಗಿಟಾರ್, ಹಾರ್ಮೋನಿಕಾ (ಮೌತ್ ಆರ್ಗನ್), ಪಿಯಾನೋ, ಹಾಡುಗಾರಿಕೆ, ಚರ್ಚಿನ ಗಾಸ್ಪೆಲ್ ಹಾಡುಗಳ ಮೇಳ, ಹೀಗೆ. ಹತ್ತು ಹದಿನೈದು ಜನ ಕುರ್ಚಿ ಸುತ್ತ ಹಾಕಿಕೊಂಡು ಕೂರುತ್ತಾರೆ, ಕಲಿಸುವವರೂ ಅದೇ ಸುತ್ತಿನಲ್ಲಿ. ಹೆಚ್ಚಿನ ಕಲಿಕೆ ಕಿವಿಯಿಂದಲೇ. ಅವರು ಒಂದು ತುಣುಕು ನುಡಿಸುತ್ತಾರೆ, ನೀವು ನುಡಿಸುತ್ತೀರಿ, ಬರಲಿಲ್ಲ ಅಂದರೆ ಇನ್ನೊಂದು ಸಲ. ಕ್ಲಾಸು ಮುಗಿದ ಮೇಲೂ ಯಾರೂ ಎದ್ದು ಹೋಗುವುದಿಲ್ಲ. ಹಳೇ ಅಧಿಕಾರಿಗಳ ಮನೆಗಳ ವರಾಂಡದಲ್ಲಿ ರಾತ್ರಿವರೆಗೂ ನುಡಿಸುತ್ತಲೇ ಇರುತ್ತಾರೆ. ಕಲಿಯುವವರಲ್ಲಿ ನಿವೃತ್ತರು, ಮೇಷ್ಟ್ರುಗಳು, ಕಾಲೇಜು ಹುಡುಗರು ಎಲ್ಲ ಇರುತ್ತಾರೆ. ಚೆನ್ನಾಗಿ ಬಂದಿರಬೇಕು ಅಂತೇನಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಮಿಸಿಸಿಪಿ ಜಾನ್ ಹರ್ಟ್ ಎಂಬ ಹಳೇ ಬ್ಲೂಸ್ ಗಾಯಕರ ಶೈಲಿಯಲ್ಲಿ ಗಿಟಾರ್ ನುಡಿಸುವುದು ಇಲ್ಲಿ ಬಹಳ ಜನರಿಗೆ ಮೊದಲ ಪಾಠ. ಬಲಗೈ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದು ಆ ಕಡೆ, ಒಂದು ಈ ಕಡೆ ಅಂತ ನಿಲ್ಲದೆ ಹೆಜ್ಜೆ ಹಾಕುತ್ತಿರಬೇಕು. ತೋರುಬೆರಳು, ಮಧ್ಯದ ಬೆರಳು ಸಣ್ಣ ತಂತಿಗಳ ಮೇಲೆ ಹಾಡಿನ ಧಾಟಿ ಹಿಡಿಯಬೇಕು, ಅದೂ ಬಹಳ ಸಲ ಹೆಬ್ಬೆರಳಿನ ಪೆಟ್ಟಿನ ಮೇಲೆ ಬೀಳದೆ, ಎರಡು ಪೆಟ್ಟುಗಳ ಮಧ್ಯೆ. ಕೇಳುವವರಿಗೆ ಇಬ್ಬರು ನುಡಿಸಿದಂತೆ. ಕಲಿಯುವವರ ಹೆಬ್ಬೆರಳು ಮಾತ್ರ ಮೊದಲ ದಿನ ಪ್ರತಿ ಸಲವೂ ಉಳಿದ ಬೆರಳುಗಳ ಹಿಂದೆ ಓಡಿಹೋಗುತ್ತದೆ. ಅದನ್ನು ಬಿಡಿಸುವುದಕ್ಕೆ ಕಲಿಸುವವರು ಧಾಟಿ ಬಿಟ್ಟು ಬರೀ ಹೆಬ್ಬೆರಳನ್ನೇ ನುಡಿಸಿ ಅನ್ನುತ್ತಾರೆ, ಕಾಲಿನಲ್ಲಿ ನೆಲ ತಟ್ಟುತ್ತಾ.

ಈ ಜಾನ್ ಹರ್ಟ್ ಕಥೆಯೂ ಸ್ವಾರಸ್ಯ. 1928ರಲ್ಲಿ ಕೆಲವು ರೆಕಾರ್ಡ್ ಮಾಡಿದರು, ಅವು ಓಡಲಿಲ್ಲ, ಆತ ಮಿಸಿಸಿಪಿಯ ಅವಲಾನ್ ಎಂಬ ಹಳ್ಳಿಗೆ ಹೋಗಿ ಹೊಲದ ಕೆಲಸ ಮಾಡಿಕೊಂಡಿದ್ದರು. 1963ರಲ್ಲಿ ಒಬ್ಬ ಯುವಕ ಅವರ ಹಾಡಿನಲ್ಲಿ ಬರುವ ಊರಿನ ಹೆಸರು ಹಿಡಿದುಕೊಂಡು ಹುಡುಕುತ್ತಾ ಹೋದರೆ, ಮನುಷ್ಯ ಅಲ್ಲೇ ಇದ್ದಾರೆ! ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಮತ್ತೆ ವೇದಿಕೆ ಹತ್ತಿದರು, 1966ರಲ್ಲಿ ತೀರಿಕೊಂಡರು. ಆ ಮಧ್ಯೆ ವಾಷಿಂಗ್ಟನ್ ಡಿ.ಸಿ.ಯಲ್ಲಿದ್ದಾಗ ಆರ್ಚಿ ಎಡ್ವರ್ಡ್ಸ್ ಅವರ ಕಟಿಂಗ್ ಶಾಪಿಗೆ ಹೋಗಿ ನುಡಿಸುತ್ತಿದ್ದರು. ಎಡ್ವರ್ಡ್ಸ್ ಕೆಲಸದಲ್ಲಿ ಕ್ಷೌರಿಕರು, ಕೈಯಲ್ಲಿ ಬ್ಲೂಸ್. ಶನಿವಾರ ಅವರ ಅಂಗಡಿಯಲ್ಲಿ ಯಾರು ಬೇಕಾದರೂ ಬಂದು ಕೂತು ನುಡಿಸಬಹುದಿತ್ತು. 1998ರಲ್ಲಿ ಅವರು ಹೋದ ಮೇಲೂ ಅಲ್ಲಿ ಕಲಿತವರು ಆ ಶನಿವಾರದ ಕೂಟವನ್ನು ಬಿಡದೆ ಮುಂದುವರಿಸಿದರು. ಅದೇ ಡಿ.ಸಿ. ಕಡೆಯ ಹಾರ್ಮೋನಿಕಾ ವಾದಕ ಫಿಲ್ ವಿಗಿನ್ಸ್, ಗಿಟಾರಿನ ಜಾನ್ ಸೆಫಸ್ ಜೊತೆ ದಶಕಗಟ್ಟಲೆ ನುಡಿಸಿದವರು, ಪೋರ್ಟ್ ಟೌನ್‌ಸೆಂಡ್ ಉತ್ಸವದ ಕಲಾ ನಿರ್ದೇಶಕರೂ ಆಗಿದ್ದರು. 2024ರಲ್ಲಿ ಅವರೂ ತೀರಿಕೊಂಡರು.

ಹಾರ್ಮೋನಿಕಾ ಅಂದೆ ಅಲ್ವಾ, ಬ್ಲೂಸಿನ ಬೇರು ಆಫ್ರಿಕಾದಲ್ಲಿದೆ ಅನ್ನುತ್ತಾರಲ್ಲ, ಆ ಮಾತಿಗೆ ಅಲ್ಲಿಂದಲೇ ಬರುತ್ತೇನೆ. ಅದು ಜರ್ಮನಿಯಲ್ಲಿ ತಯಾರಾಗಿ ಬಂದ ಅಗ್ಗದ ವಾದ್ಯ. ಜರ್ಮನ್ನರ ಹಾಡುಗಳಿಗೆ ಊದಿದರೆ ಸರಿಯಾದ ಸ್ವರ ಬರಲಿ ಅಂತ ಮಾಡಿದ್ದು. ಅಮೆರಿಕದ ದಕ್ಷಿಣದ ಕಪ್ಪು ಜನ ಅದನ್ನು ಊದುವುದಕ್ಕಿಂತ ಜಾಸ್ತಿ ಉಸಿರು ಒಳಗೆ ಎಳೆದು ನುಡಿಸಿದರು. ಅದಕ್ಕೇ ಹಾಡು 'ಇ' (E) ಶ್ರುತಿಯಲ್ಲಿದ್ದರೆ 'ಎ' (A) ಶ್ರುತಿಯ ಹಾರ್ಮೋನಿಕಾ ಹಿಡಿಯುತ್ತಾರೆ. ಎಳೆಯುವಾಗ ನಾಲಿಗೆ, ಗಂಟಲು ಬದಲಿಸಿದರೆ ಸ್ವರ ಬಗ್ಗುತ್ತದೆ, ಅಳುತ್ತದೆ, ರೈಲಿನಂತೆ ಕೂಗುತ್ತದೆ. ಮಾಡಿದವರು ಕನಸಿನಲ್ಲೂ ಎಣಿಸದ ಸ್ವರಗಳು ಇವು. ವಾದ್ಯ ಎಲ್ಲಿಂದ ಬಂದರೇನು, ಬೇಕಾದ ಸ್ವರ ಯಾವುದು ಅಂತ ಅವರ ಕಿವಿಗೆ ಮೊದಲೇ ಗೊತ್ತಿತ್ತು.

ಆ ಸ್ವರ ಯಾವುದು? ಮನೆಯಲ್ಲಿ ಕರ್ನಾಟಕ ಸಂಗೀತ ಕಲಿಯುವ ಮಗು ಇದ್ದರೆ ಸುಲಭವಾಗಿ ಹೇಳಬಹುದು. ಸರಿಗಮದ 'ಗ'ದಲ್ಲಿ ತಗ್ಗಿನ ಸಾಧಾರಣ ಗಾಂಧಾರಕ್ಕೂ ಎತ್ತರದ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಒಂದು ಕಡೆ ನಿಲ್ಲುವ ಗಾಂಧಾರ. ನಿಲ್ಲುವುದು ಅಂತಲೂ ಇಲ್ಲ, ಜಾರುತ್ತಾ ಇರುತ್ತದೆ. ಪಿಯಾನೋದಲ್ಲಿ ಅದಕ್ಕೆ ಮನೆಯೇ ಇಲ್ಲ, ಹಾಗಾಗಿ ಬ್ಲೂಸ್ ಪಿಯಾನೋದವರು ಎರಡೂ ಗಾಂಧಾರ ಒಟ್ಟಿಗೆ ಒತ್ತಿ ಸುಮ್ನೆ ಸಮಾಧಾನ ಮಾಡಿಕೊಳ್ಳುತ್ತಾರೆ. ಗಿಟಾರಿನವರು ಕಿರುಬೆರಳಿಗೆ ಬಾಟಲಿಯ ಕುತ್ತಿಗೆ ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸುತ್ತಾರೆ. ಗಮಕ ಕೇಳಿ ಬೆಳೆದ ನಮ್ಮ ಕಿವಿಗೆ ಇದು ಅಪಸ್ವರ ಅನ್ನಿಸುವುದೇ ಇಲ್ಲ, ಇದು ನಮಗೆ ಪುಕ್ಕಟೆ ಸಿಕ್ಕ ಅನುಕೂಲ.

ಗುಲಾಮರ ಹಡಗಿನಲ್ಲಿ ಬಂದವರು ವಾದ್ಯ ಹೊತ್ತು ತರುವುದು ಹೇಗೆ? ಬಂದ ಮೇಲೆ ನೆನಪಿನಿಂದ ಮಾಡಿಕೊಂಡರು. ಸೆನೆಗಲ್, ಗ್ಯಾಂಬಿಯಾ ಕಡೆಯ ಜೋಲಾ ಜನರಲ್ಲಿ ಅಕೋಂಟಿಂಗ್ ಅನ್ನುವ ವಾದ್ಯ ಇವತ್ತಿಗೂ ಇದೆ: ಸೋರೆ ಬುರುಡೆಗೆ ಚರ್ಮ ಬಿಗಿದು, ಉದ್ದ ಕೋಲು ಸಿಕ್ಕಿಸಿ, ಎರಡು ಉದ್ದದ ತಂತಿ, ಹೆಬ್ಬೆರಳಿಗೆ ಅಂತಲೇ ಒಂದು ಗಿಡ್ಡ ತಂತಿ. ಬ್ಯಾಂಜೋ ನೋಡಿದ್ದೀರಲ್ಲ, ಅದರ ಐದನೇ ತಂತಿಯೂ ಹಾಗೇ ಗಿಡ್ಡ, ಹೆಬ್ಬೆರಳಿಗೆ. ಆದರೂ ಬ್ಯಾಂಜೋ ಅಂದರೆ ಬೆಟ್ಟದ ಮೇಲಿನ ಬಿಳಿಯ ರೈತರ ವಾದ್ಯ ಅಂತಲೇ ಬಹಳ ಕಾಲ ಎಲ್ಲರೂ ನಂಬಿದ್ದರು. ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಗೇಲಿ ಮಾಡುವ ಬಿಳಿಯರ ನಾಟಕ ತಂಡಗಳು 19ನೇ ಶತಮಾನದಲ್ಲಿ ಅದನ್ನು ಎತ್ತಿಕೊಂಡ ಮೇಲೆ, ಎಷ್ಟೋ ಕಪ್ಪು ಕುಟುಂಬಗಳಲ್ಲಿ ಬ್ಯಾಂಜೋ ಮುಟ್ಟುವುದೇ ನಿಂತುಹೋಯಿತು.

ಚರ್ಮವಾದ್ಯಗಳ ಕಥೆ ಇನ್ನೂ ಕ್ರೂರ. 1739ರಲ್ಲಿ ಸೌತ್ ಕ್ಯಾರೊಲಿನಾದ ಸ್ಟೋನೊ ನದಿ ಹತ್ತಿರ ಗುಲಾಮರು ದಂಗೆ ಎದ್ದರು, ಡೋಲು ಬಾರಿಸುತ್ತಾ ನಡೆದರು. ಮರುವರ್ಷವೇ ಬಂದ ಕಾನೂನಿನಲ್ಲಿ ಡೋಲು, ಕಹಳೆಗಳಿಗೆ ನಿಷೇಧ. ಆಗ ಲಯ ಎಲ್ಲಿಗೆ ಹೋಗಬೇಕು? ಚಪ್ಪಾಳೆಗೆ, ತೊಡೆ ತಟ್ಟುವುದಕ್ಕೆ, ಮರದ ನೆಲದ ಮೇಲೆ ಕಾಲಿಗೆ. ಆಮೇಲೆ, ನನ್ನ ಕಿವಿಗೆ ಕೇಳಿಸುವಂತೆ, ಗಿಟಾರಿನ ಹೆಬ್ಬೆರಳಿಗೂ. ಎಲ್ಲ ಕಡೆ ಡೋಲು ಹೋಗಲಿಲ್ಲ ಅನ್ನಿ. ಉತ್ತರ ಮಿಸಿಸಿಪಿಯ ಬೆಟ್ಟದ ಸೀಮೆಯಲ್ಲಿ ಒಥಾ ಟರ್ನರ್ ಅನ್ನುವ ರೈತ, ಕಾದ ಕಬ್ಬಿಣದ ಸರಳಿನಿಂದ ಬಿದಿರಿನಂಥ ಜೊಂಡಿಗೆ ತೂತು ಸುಟ್ಟು ಕೊಳಲು ಮಾಡಿಕೊಂಡು, ಡೋಲಿನವರ ಮುಂದೆ ಊದುತ್ತಾ ನಡೆಯುತ್ತಿದ್ದರು. ವರ್ಷಕ್ಕೊಮ್ಮೆ ಮೇಕೆ ಸುಟ್ಟು ಊರಿಗೆಲ್ಲ ಊಟ, ರಾತ್ರಿಯೆಲ್ಲ ಕುಣಿತ. 2003ರಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು, ಆಗಲೇ ಅವರ ಮೊಮ್ಮಗಳ ಕೈಗೆ ಕೊಳಲು ಬಂದಿತ್ತು.

ಪೋರ್ಟ್ ಟೌನ್‌ಸೆಂಡ್ ಉತ್ಸವವನ್ನು ಕೆಲವು ವರ್ಷ ನಿರ್ದೇಶಿಸಿದ ಬ್ಲೂಸ್ ಗಿಟಾರ್ ವಾದಕ ಕೋರಿ ಹ್ಯಾರಿಸ್ ಈ ಬೇರು ಹುಡುಕಿಕೊಂಡು ಪಶ್ಚಿಮ ಆಫ್ರಿಕಾದ ಮಾಲಿಗೆ ಹೋಗಿ ಅಲ್ಲಿನ ಗಿಟಾರ್ ವಾದಕ ಅಲಿ ಫರ್ಕಾ ಟೂರೆ ಜೊತೆ ಕೂತು ನುಡಿಸಿದವರು. ಆ ರೆಕಾರ್ಡಿಂಗ್ 2003ರಲ್ಲಿ ಬಂತು. ಕೇಳಿದರೆ ಇಬ್ಬರೂ ಪರಿಚಯ ಮಾಡಿಕೊಳ್ಳುವ ಗೊಡವೆಗೇ ಹೋಗದೆ ಶುರು ಮಾಡಿದಂತಿದೆ. ಹಾಗಂತ ಬ್ಲೂಸ್ ಆಫ್ರಿಕಾದಿಂದ ಹಾಗೆ ಹಾಗೇ ಬಂದಿಳಿಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಒಂದು ಸಾಲು ಹಾಡಿ, ಅದನ್ನೇ ಇನ್ನೊಮ್ಮೆ ಹಾಡಿ, ಮೂರನೆಯದರಲ್ಲಿ ಜವಾಬು ಕೊಡುವ 12 ಬಾರಿನ (ಅಂದರೆ ಹನ್ನೆರಡು ತಾಳದ ಆವರ್ತಗಳ) ಹಾಡು ಅಮೆರಿಕದ ಹತ್ತಿ ಹೊಲ, ರೈಲು ಹಳಿ, ಜೈಲುಗಳ ನಡುವೆ ರೂಪ ಪಡೆದದ್ದು. ಅದನ್ನು ಕಟ್ಟಿದವರ ಶ್ರಮವನ್ನು ಬೇರಿನ ಹೆಸರಿನಲ್ಲಿ ಮರೆಯಬಾರದು.

ಇಲ್ಲಿ ನಮ್ಮ ನಾಡಿನ ಒಂದು ನೆನಪು ಬಂದೇ ಬರುತ್ತದೆ. ಗೋವಾದ ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನು ಅರಬ್ಬೀ ಸಮುದ್ರ ದಾಟಿಸಿ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿಗಳು ಅವರ ಮಕ್ಕಳು ಮೊಮ್ಮಕ್ಕಳು. ಹೆಚ್ಚಿನವರ ಮೂಲ ಪೂರ್ವ ಆಫ್ರಿಕಾ, ಅಮೆರಿಕಕ್ಕೆ ಹೋದವರದು ಬಹುಪಾಲು ಪಶ್ಚಿಮ ಮತ್ತು ಮಧ್ಯ ಆಫ್ರಿಕಾ. ಆದ್ದರಿಂದ ಸಿದ್ದಿಗಳ ಡಮಾಮಿ ಎಂಬ ಡೋಲಿನ ಕುಣಿತವೂ ಬ್ಲೂಸೂ ಒಂದೇ ತಾಯಿಯ ಮಕ್ಕಳು ಅಂತ ಭಾಷಣ ಬಿಗಿಯುವುದು ಬೇಡ. ಆದರೆ ಕನ್ನಡ, ಕೊಂಕಣಿ, ಮರಾಠಿ ಆಡುವ ಆ ಜನ ಡಮಾಮಿ ಬಾರಿಸಿ ಕುಣಿಯುವುದನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ನಮ್ಮ ಸಂಘದ ವೇದಿಕೆಗಂತೂ ಅವರು ಇವತ್ತಿನವರೆಗೂ ಬಂದಿಲ್ಲ. ಬಾಲಿವುಡ್ ಡಾನ್ಸಿಗೆ ಮಾತ್ರ ಪ್ರತಿ ಸಲ ಅರ್ಧ ಗಂಟೆ.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ನಮ್ಮ ಯುಗಾದಿ, ರಾಜ್ಯೋತ್ಸವ, ಸಂಕ್ರಾಂತಿ ಎಲ್ಲದರಲ್ಲೂ ಒಂದೇ ಏರ್ಪಾಡು. ವೇದಿಕೆ ಮೇಲೆ ನಾಲ್ಕು ಜನ, ಕೆಳಗೆ ನಾನೂರು ಜನ, ಮೈಕ್ ಹಲೋ ಹಲೋ, ಶಾಲು, ಹಾರ, ಊಟ. ಊರಿಂದ ಆರು ತಿಂಗಳಿಗೆ ಬಂದ ಅಪ್ಪ ಅಮ್ಮಂದಿರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಗೌರವ ಮಾಡುತ್ತೇವೆ. ಅವರಲ್ಲಿ ಸೋಬಾನೆ ಬಲ್ಲವರಿದ್ದಾರೆ, ಬೀಸುವ ಪದ ಗೊತ್ತಿರುವವರಿದ್ದಾರೆ, ಏಕತಾರಿ ಹಿಡಿದು ತತ್ವಪದ ಹಾಡುವವರೂ ಒಬ್ಬರು ಹೋದ ವರ್ಷ ಬಂದಿದ್ದರು. ಅವರಿಗೆ ನಾವು ಕೊಟ್ಟದ್ದು ಐದು ನಿಮಿಷ, ಅದೂ ಊಟಕ್ಕೆ ಸಾಲು ನಿಂತ ಮೇಲೆ. ನಮಗೂ ಕಲಿಸಿ ಅಂತ ಒಬ್ಬರೂ ಕೇಳಲಿಲ್ಲ.

ನಾರ್ತ್ ಕ್ಯಾರೊಲಿನಾದ ಮೆಬೇನ್ ಊರಿನಲ್ಲಿ ಜೋ ಥಾಂಪ್ಸನ್ ಅಂತ ಒಬ್ಬರು ಕಪ್ಪು ಪಿಟೀಲು ವಾದಕರಿದ್ದರು. ಹಿರಿಯರಿಂದ ಬಂದ ಹಳೇ ಧಾಟಿ ನುಡಿಸುವವರು ಅವರ ಸುತ್ತಮುತ್ತ ಬೇರೆ ಯಾರೂ ಉಳಿದಿರಲಿಲ್ಲ. 2005ರಲ್ಲಿ ರಿಯಾನನ್ ಗಿಡೆನ್ಸ್ ಎಂಬ ಗಾಯಕಿ ಮತ್ತು ಇಬ್ಬರು ಗೆಳೆಯರು ವಾರ ವಾರ ಅವರ ಮನೆಗೆ ಹೋಗಿ ಕೂರಲು ಶುರು ಮಾಡಿದರು. ಆತ ನುಡಿಸುತ್ತಿದ್ದರು, ಇವರು ಜೊತೆ ಸೇರುತ್ತಿದ್ದರು, ಅಷ್ಟೇ ಪಾಠ. ಆಗ ಅವರಿಗೆ ಎಂಬತ್ತಾರರ ಮೇಲೆ ವಯಸ್ಸು. ಆ ಮೂವರ ತಂಡ ಮುಂದೆ ಗ್ರಾಮಿ ಸಂಗೀತ ಪ್ರಶಸ್ತಿ ಪಡೆಯಿತು, ಬ್ಯಾಂಜೋವನ್ನು ಕಪ್ಪು ಹುಡುಗ ಹುಡುಗಿಯರು ಮತ್ತೆ ಕೈಗೆತ್ತಿಕೊಳ್ಳುವಂತೆ ಮಾಡಿತು. ಆ ಮನೆಗೆ ಹೋಗಿರದಿದ್ದರೆ?

ಹಾಗಾಗಿ ಸಮಿತಿಗೆ ನನ್ನ ಬೇಡಿಕೆ ಇಷ್ಟು. ಈ ರಾಜ್ಯೋತ್ಸವದ ದಿನ ಮುಖ್ಯ ಹಾಲಿನ ಪಕ್ಕದ ಒಂದು ಕೋಣೆ ಬಿಟ್ಟುಕೊಡಿ. ಮೈಕ್ ಬೇಡ, ಬ್ಯಾನರ್ ಬೇಡ, ನಿರೂಪಕರಂತೂ ಬೇಡವೇ ಬೇಡ. ಸುತ್ತ ಕುರ್ಚಿ ಹಾಕಿ, ಮಧ್ಯಾಹ್ನ ಎರಡು ಗಂಟೆ ಹೊತ್ತು ಒಬ್ಬ ಹಿರಿಯರು ಒಂದೇ ಒಂದು ಹಾಡು ಕಲಿಸಲಿ. ಸಾಹಿತ್ಯದ ಪಿಡಿಎಫ್ ವಾಟ್ಸಾಪಿನಲ್ಲಿ ಮೊದಲೇ ಕಳಿಸುವುದು ಬೇಡ, ಕಿವಿಯಿಂದಲೇ ಕಲಿಯೋಣ. ಹಾಲ್ ಬಾಡಿಗೆ ಜಾಸ್ತಿ ಆಗುತ್ತದೆ ಅಂತ ಖಜಾಂಚಿಯವರು ಹೇಳುತ್ತಾರೆ ಅಂತ ಗೊತ್ತು. ಹಾಗಾದರೆ ನಮ್ಮ ಮನೆ ಗ್ಯಾರೇಜು ಇದೆ, ಕಾರು ಹೊರಗೆ ನಿಲ್ಲಿಸುತ್ತೇನೆ.

ಪೋರ್ಟ್ ಟೌನ್‌ಸೆಂಡಿಗೆ ಹೋಗಬೇಕು ಅನ್ನಿಸಿದವರು ದಿನಾಂಕ, ಶುಲ್ಕ ಎಲ್ಲ ಸೆಂಟ್ರಮ್ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಪೂರ್ತಿ ವಾರಕ್ಕೆ ರಜೆ ಹಾಕಬೇಕು, ದುಡ್ಡೂ ಸ್ವಲ್ಪ ಜಾಸ್ತಿನೇ. ಅದು ಆಗದಿದ್ದರೆ ಶುಕ್ರವಾರ, ಶನಿವಾರ ರಾತ್ರಿ ಊರಿನೊಳಗಿನ ಸಣ್ಣ ಸಣ್ಣ ಕ್ಲಬ್ಬುಗಳಲ್ಲಿ ಅದೇ ಮೇಷ್ಟ್ರುಗಳು ನುಡಿಸುತ್ತಾರೆ, ಹತ್ತಿರ ಕೂತು ಅವರ ಹೆಬ್ಬೆರಳು ನೋಡಬಹುದು. ವಾರಾಂತ್ಯ ಫೆರ್ರಿಗೆ ಉದ್ದ ಸಾಲು, ಬೇಗ ಹೊರಡಿ, ಚಿತ್ರಾನ್ನ ಕಟ್ಟಿಕೊಳ್ಳಿ. ನಾಲ್ಕು ಜನ ಸೇರಿದರೆ ಒಂದೇ ಕಾರು ಸಾಕು, ನಾನೇ ಓಡಿಸುತ್ತೇನೆ.

ಇನ್ನು ಹಾಡು ಬಲ್ಲ ಅತ್ತೆ, ಅಜ್ಜಿ, ಮಾವ ಯಾರ ಮನೆಗೆ ಬಂದಿದ್ದರೂ ದಯವಿಟ್ಟು ತಿಳಿಸಿ. ಯಾವ ಹಾಡು, ಯಾವ ಸೀಮೆಯದು ಅಂತ ಎರಡು ಸಾಲು ಬರೆದರೆ ಸಾಕು. ವಾಪಸ್ ಹೋಗುವ ಟಿಕೆಟ್ ಯಾವ ತಾರೀಕಿಗೆ ಅನ್ನುವುದನ್ನೂ ಮರೆಯದೆ ಬರೆಯಿರಿ.