ನಗು ಎಷ್ಟು, ಅಂಜಿಕೆ ಎಷ್ಟು ಅಂತ ಬರೀರಿ

ಸಂಪಾದಕರಿಗೆ,

ಮಾನ್ಯರೇ, ತಮ್ಮ ಸಿನಿಮಾ ಪುಟವನ್ನು ಅಂಗಡಿಯಲ್ಲಿ ಕೂತು ಬಿಡದೆ ಓದುವ ಟೇಲರ್ ನಾನು. ಹಾರರ್ ಕಾಮಿಡಿ ಸಿನಿಮಾಗಳ ವಿಮರ್ಶೆ ಬಗ್ಗೆ ಒಂದು ತಕರಾರಿದೆ.

ತೊಂಬತ್ತರ ದಶಕದಲ್ಲಿ 'ನಾಳೆ ಬಾ' ಸುದ್ದಿ ನಮ್ಮ ಓಣಿಗೂ ಬಂದಾಗ ನಾನು ಸಾಲಿ ಹುಡುಗ. ದೆವ್ವ ರಾತ್ರಿ ಗುರುತಿನವರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಮುಗೀತು. ಗೋಡೆ ಮೇಲೆ ಬರೆದಿದ್ದರೆ ಓದಿಕೊಂಡು ತಿರುಗಿ ಹೋಗುತ್ತದೆ. ಅವ್ವ ಖಡು ಕೈಗೆ ಕೊಟ್ಟು, "ದೊಡ್ಡದಾಗಿ ಬರಿ, ಕತ್ತಲದಾಗ ಅದಕ್ಕ ಕಾಣಬೇಕು" ಅಂದಳು. ಆಗ ನನಗೆ ನಗು ಬಂದಿರಲಿಲ್ಲ.

ಅದೇ ಎಳೆ ಹಿಡಿದು ಹಿಂದಿಯವರು 2018ರಲ್ಲಿ 'ಸ್ತ್ರೀ' ತೆಗೆದರು. ಊರು ಮಾತ್ರ ಮಧ್ಯಪ್ರದೇಶದ ಚಂದೇರಿ. ಖಡೇಬಜಾರದಲ್ಲಿ ಅಸ್ತರ ತರಲು ಬೆಳಗಾವಿಗೆ ಹೋದವನು ಅಂಜಲೆಂದೇ ಟಿಕೆಟ್ ತೆಗೆಸಿದೆ. ನಾಯಕನೂ ಟೇಲರ್, ಟೇಪು ಹಿಡಿಯದೆ ಕಣ್ಣಳತೆಯಲ್ಲೇ ಹೊಲಿಯುವವನು. (ದೆವ್ವವನ್ನಾದರೂ ನಂಬಿಯೇನು, ಇದನ್ನು ನಂಬಲಾರೆ.) ಜನ ಬಿದ್ದು ಬಿದ್ದು ನಗುತ್ತಿದ್ದರೆ ನನಗೆ ಸಿಟ್ಟು: ನಮ್ಮ ದೆವ್ವವನ್ನು ಹಿಂಗ ಚೇಷ್ಟೆ ಮಾಡುವುದೇ? ಮುಂದೆ ಟಿವಿಯಲ್ಲಿ ಬಂದಾಗ, ನಗಿಸುವ ಸಿನಿಮಾ ಅಂತ ಗೊತ್ತಿದ್ದೇ ಕೂತೆ. ಊಟದ ತಾಟು ಒಣಗುವತನಕ ನಕ್ಕೆ.

2025ರಲ್ಲಿ ಕನ್ನಡದ್ದೇ ದೆವ್ವದ ನಗೆ ಸಿನಿಮಾ 'ಸು ಫ್ರಮ್ ಸೋ' ಬಂದಾಗ ಉಲ್ಟಾ ಆಯಿತು. ನೋಡಿ ಬಂದ ಗಿರಾಕಿಗಳು ಅಂಗಡಿಯ ಸ್ಟೂಲಿನ ಮೇಲೆ ಕೂತು ನಗೆಯ ಸೀನುಗಳನ್ನೆಲ್ಲ ಆಡಿ ತೋರಿಸಿಬಿಟ್ಟರು. ಎರಡನೇ ವಾರ ಹೆಂಡತಿಯನ್ನು ಕರೆದುಕೊಂಡು ಹೋದೆ. 'ಸು' ಅಂದರೆ ಸುಲೋಚನಾ ಅನ್ನೋ ದೆವ್ವ, 'ಸೋ' ಅಂದರೆ ಸೋಮೇಶ್ವರ ಅನ್ನೋ ಊರು ಅಂತಲೂ ಆಕೆಗೆ ಗೊತ್ತಿರಲಿಲ್ಲ. ಕರಾವಳಿ ಕನ್ನಡ ಅರ್ಧಕ್ಕರ್ಧ ತಿಳಿಯದಿದ್ದರೂ ಸೆರಗು ಬಾಯಿಗಿಟ್ಟು ನಕ್ಕಳು. ನಾನು ಈಗ ಬರ್ತೈತಿ, ಈಗ ಬರ್ತೈತಿ ಅಂತ ಕಾದೆ. ಆ ಸೀನು ಬಂದರೆ ಗಿರಾಕಿ ಆಡಿದ್ದೇ ಚಲೋ ಇತ್ತು ಅನ್ನಿಸಿತು. "ಯಾಕ್ರೀ, ಹಲ್ಲು ನೋಯ್ತಾವೇನು?" ಎಂದು ಆಕೆ ಕೇಳಿದಳು.

ಪತ್ರಿಕೆಗಳ ವಿಮರ್ಶೆಯೂ ಈ ಸ್ಟೂಲಿನ ಕೆಲಸವನ್ನೇ ಮಾಡುತ್ತದೆ. ಹಾರರ್ ಕಾಮಿಡಿ ಎಂದು ಒಂದೇ ಚೀಟಿ ಅಂಟಿಸಿ, ಕೆಳಗೆ ಜೋಕುಗಳನ್ನು ಬಿಚ್ಚಿಡುತ್ತಾರೆ. 2004ರ 'ಆಪ್ತಮಿತ್ರ'ದಲ್ಲೂ ನಗು ಉಂಟು. ಆದರೆ ನಾಗವಲ್ಲಿ ಎದ್ದು ನಿಂತ ಮೇಲೆ ಯಾರು ನಗುತ್ತಾರೆ? ಎಲ್ಲಕ್ಕೂ ಒಂದೇ ಅಳತೆ ನಡೆಯದು. ಅಂಜಿಕೆ ಎಷ್ಟು, ನಗು ಎಷ್ಟು, ಸಣ್ಣ ಹುಡುಗರನ್ನು ಕರೆದೊಯ್ಯಬಹುದೇ ಎಂದಷ್ಟು ಬರೆಯಿರಿ. ಜೋಕು ಟಾಕೀಜಿಗೇ ಬಿಡಿ.

ಸ್ಟೂಲಿನ ಗಿರಾಕಿಗಳಿಗೆ ನಾನೇ ಹೇಳಿಕೊಳ್ಳುತ್ತೇನೆ.

– ಒಬ್ಬ ಟೇಲರ್, ಗೋಕಾಕ, ಬೆಳಗಾವಿ ಜಿಲ್ಲೆ