ಎಲೆ ಉಜ್ಜಿದರೆ ಮುಗಿಯಲಿಲ್ಲ

ಮಾನ್ಯರೇ,

ಜರ್ಮನಿಯಲ್ಲಿ ಹುಟ್ಟಿದ ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್ ಅವರ ಎಲೆಯ ಚಿತ್ರ ಕುರಿತು ಭಾನುವಾರದ ಪುರವಣಿಯಲ್ಲಿ ಬಂದ ಬರಹ ಚೆನ್ನಾಗಿತ್ತು. ಆದರೆ ಎಲೆಯ ಮೇಲೆ ಹಾಳೆಯಿಟ್ಟು ಪೆನ್ಸಿಲ್ ಉಜ್ಜಿದರಾಯಿತು, ಶಾಲೆಗಳಲ್ಲೂ ಮಾಡಿಸಬಹುದು ಎಂದದ್ದು ಅರ್ಧ ಮಾತು.

ಕೊಡಗಿನಲ್ಲಿ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದಾಗ ಮೊದಲು ಕೈಕೊಡುವುದೇ ಹಾಳೆ. ಥಂಡಿ ಹೀರಿ ಮೆತ್ತಗಾಗಿರುತ್ತದೆ. ಎಲೆಯ ನಡುನರದ ಮೇಲೆ ಪೆನ್ಸಿಲ್ ಹಾಯ್ದರೆ ಹರಿಯುತ್ತದೆ. ದಪ್ಪ ಡ್ರಾಯಿಂಗ್ ಶೀಟಿನಲ್ಲಿ ಸಣ್ಣ ನರಗಳು ಮೂಡುವುದಿಲ್ಲ. 60-70 ಜಿಎಸ್‌ಎಂನ ತೆಳು ಕಾಗದ, 4ಬಿ ಅಥವಾ 6ಬಿಯಂಥ ಮೆದು ಪೆನ್ಸಿಲ್ ಸಾಕು. ಉಜ್ಜುವುದು ಮೊನೆಯಿಂದಲ್ಲ, ಸೀಸದ ಮಗ್ಗುಲಿನಿಂದ. ರೋಬಸ್ಟಾ ಕಾಫಿಯ ಎಲೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅರೇಬಿಕಾಕ್ಕಿಂತ ಅಗಲ, ನರಗಳೂ ಗಟ್ಟಿ. ನರ ಉಬ್ಬಿರುವುದು ಬೆನ್ನಿಗಾದ್ದರಿಂದ ಎಲೆಯನ್ನು ಬೋರಲಾಗಿಡಬೇಕು. ಆಗತಾನೇ ಕಿತ್ತದ್ದಾದರೆ ರಸ ಹಾಳೆಗೆ ಹತ್ತುತ್ತದೆ, ಪೂರಾ ಒಣಗಿದ್ದಾದರೆ ಪುಡಿಯಾಗುತ್ತದೆ. ಹಳೇ ಪೇಪರಿನ ನಡುವೆ ಒಂದು ದಿನ ಒತ್ತಿಟ್ಟದ್ದು ಸರಿ. ಹಾಳೆಗೆ ಟೇಪ್ ಹಾಕದಿದ್ದರೆ ಜಾರಿ ನರಗಳು ಎರಡೆರಡಾಗಿ ಮೂಡುತ್ತವೆ.

ಇಷ್ಟಕ್ಕೆ ಸಿಗುವುದು ಎಲೆಯ ಅಚ್ಚು, ಚಿತ್ರವಲ್ಲ. 1925ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಪೋರ್ನಿಕ್‌ನಲ್ಲಿ ಹೋಟೆಲಿನ ಸವೆದ ಹಲಗೆ ನೆಲದ ಮೇಲೆ ಹಾಳೆ ಹಾಸಿ ಉಜ್ಜಿದ ಅರ್ನ್ಸ್ಟ್, ಮೂಡಿದ ಗೆರೆಗಳಲ್ಲಿ ತಮಗೆ ಕಂಡದ್ದರ ಬೆನ್ನು ಹತ್ತಿದರು. 1926ರಲ್ಲಿ ಹೊರಬಂದ 34 ಚಿತ್ರಗಳ ಸಂಪುಟದಲ್ಲಿ ಎಲೆಯೊಂದು ಹಲಗೆಗಳ ನಡುವೆ ಮರದಂತೆ ನೆಟ್ಟಗೆ ನಿಂತಿದೆ. ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡುವುದೇ ಇಲ್ಲಿನ ಕೆಲಸ. ಮಕ್ಕಳು ಉಜ್ಜುವ ಉಮೇದಿನಲ್ಲಿ ಹಾಳೆ ತುಂಬಿಸಿಬಿಡುತ್ತಾರೆ; ಬಿಳಿ ಜಾಗ ಉಳಿಯದಿದ್ದರೆ ಮುಂದೆ ಏನನ್ನೂ ಕಾಣುವಂತಿಲ್ಲ.

ಅರ್ನ್ಸ್ಟ್ ಚಿತ್ರ ಕೊಂಡ ಇಂಗ್ಲೆಂಡಿನ ರೋಲಂಡ್ ಪೆನ್ರೋಸ್ ಅವರನ್ನು ಆ ಬರಹ ಬರೀ ಹಣವಂತ ಸಂಗ್ರಾಹಕನನ್ನಾಗಿ ಮಾಡಿದ್ದೂ ಸರಿಯಲ್ಲ. ಅವರೂ ಚಿತ್ರಕಾರರೇ. ಬಣ್ಣದ ಪೋಸ್ಟ್‌ಕಾರ್ಡುಗಳನ್ನು ಕತ್ತರಿಸಿ ಜೋಡಿಸಿದ ಅವರ ಕೊಲಾಜ್‌ಗಳಲ್ಲೂ ಸಿಕ್ಕ ವಸ್ತುವಿನಲ್ಲಿ ಬೇರೊಂದನ್ನು ಕಾಣುವ ಅದೇ ಕಣ್ಣಿದೆ. ಕನಸಿನಂಥ ಚಿತ್ರಗಳ ಸರ್ರಿಯಲಿಸ್ಟ್ ಪಂಥದ 1936ರ ಲಂಡನ್ ಪ್ರದರ್ಶನದ ಸಂಘಟಕರಲ್ಲಿ ಒಬ್ಬರು. 1938ರಲ್ಲಿ ಕವಿ ಪಾಲ್ ಎಲುಆರ್ ಅವರ ಸಂಗ್ರಹ ಕೊಂಡಾಗ ಅರ್ನ್ಸ್ಟ್ ಅವರ 'ಸೆಲೆಬಿಸ್' ಎಂಬ ಆನೆಯ ಚಿತ್ರವೂ ಜೊತೆಗೆ ಬಂತು. ಈಗದು ಟೇಟ್ ಸಂಗ್ರಹಾಲಯದಲ್ಲಿದೆ.

ಮಕ್ಕಳ ಚಿತ್ರಗಳಿಗೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಹಾಳೆಯನ್ನು ಮತ್ತೆ ಬಿಡಿಸಲಾಗದು. ಬಟರ್ ಪೇಪರ್ ನಡುವೆ ಇಟ್ಟರೆ ಸೀಸ ಅಳಿಸುವುದಿಲ್ಲ. ಫ್ರೇಮ್ ಹಾಕಿಸುವುದಾದರೆ ಹಿಂದಿನ ಕೆಳ ಮೂಲೆಗಳೆರಡಕ್ಕೂ ಬೆರಳು ದಪ್ಪದ ಕಾರ್ಕ್ ತುಂಡು ಅಂಟಿಸಿ. ನಮ್ಮ ಮಳೆಗಾಲದ ಗೋಡೆಗೆ ತಾಗಿಸಿ ತೂಗುಹಾಕಿದರೆ ಬೂಷ್ಟು ಹಿಡಿಯುವುದು ಖಂಡಿತ.

– ಚಿತ್ರಕಲಾ ಶಿಕ್ಷಕರು, ಮಡಿಕೇರಿ